ಜ್ವರದ ನಡುವೆ ಮಾಡಿಸಿದ ಪರೀಕ್ಷೆ

ಬದಿಯಡ್ಕದ ಕಡೆಯ ಅಡಿಕೆ ತೋಟವೊಂದರಲ್ಲಿ ದುಡಿಯುವ 26 ವರ್ಷದ ಯುವಕ, ಕಾಲಿನ ಗಾಯಕ್ಕೆ ಸೋಂಕು ತಗಲಿ ಮೊಣಕಾಲಿನವರೆಗೆ ಕೆಂಪೇರಿ ಬಾತ ಸ್ಥಿತಿಯಲ್ಲಿ ನನ್ನಲ್ಲಿಗೆ ಬಂದಿದ್ದ. ಡಾಪ್ಲರ್ ಸ್ಕ್ಯಾನಿನಲ್ಲಿ ತೊಡೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ವಯಸ್ಸು ಚಿಕ್ಕದೆಂದು, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಡುವ ಮೊದಲೇ, ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಟೀನ್ ಸಿ, ಪ್ರೊಟೀನ್ ಎಸ್ ಮತ್ತು ಆಂಟಿಥ್ರಾಂಬಿನ್ ಪರೀಕ್ಷೆಗೆ ರಕ್ತ ಕಳುಹಿಸಿದೆ. ಮೂರೂ ಕಡಿಮೆ ಬಂದವು. ಇದು ವಂಶದಿಂದ ಬಂದ ಕೊರತೆ ಇರಬೇಕೆಂದು ಮನೆಯವರಿಗೆ ಹೇಳಿಬಿಟ್ಟೆ.

“ಡಾಕ್ಟ್ರೇ, ಹಾಗಾದರೆ ನನ್ನ ಮಗಳಿಗೂ ಇದು ಉಂಟೋ? ಅವಳೀಗ ಐದು ತಿಂಗಳ ಬಸುರಿ” ಎಂದು ಅವನ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. ಆ ರಾತ್ರಿ ವರದಿಯನ್ನು ಮತ್ತೆ ತೆರೆದು ಕುಳಿತೆ.

ಹೆಪ್ಪುಗಟ್ಟಿಸುವ ಥ್ರಾಂಬಿನ್, ರಕ್ತನಾಳದ ಒಳಪದರದಲ್ಲಿರುವ ಥ್ರಾಂಬೊಮಾಡ್ಯುಲಿನ್‌ಗೆ ಅಂಟಿಕೊಂಡಾಗ ತನ್ನ ಕೆಲಸವನ್ನೇ ಬದಲಿಸಿ ಪ್ರೊಟೀನ್ ಸಿಯನ್ನು ಸಕ್ರಿಯಗೊಳಿಸುತ್ತದೆ. ಹಾಗೆ ಸಕ್ರಿಯವಾದ ಪ್ರೊಟೀನ್ ಸಿ, ಪ್ರೊಟೀನ್ ಎಸ್‌ನ ನೆರವಿನಿಂದ ಸಕ್ರಿಯ 5 ಮತ್ತು 8ನೆಯ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳನ್ನು ತಡೆಯುತ್ತದೆ. ತೀವ್ರ ಉರಿಯೂತದಲ್ಲಿ ಟಿಎನ್‌ಎಫ್‌ನಂಥ ರಾಸಾಯನಿಕ ಸಂಕೇತಗಳು ಥ್ರಾಂಬೊಮಾಡ್ಯುಲಿನ್ ಅನ್ನು ತಗ್ಗಿಸುತ್ತವೆ, ಬಿಳಿರಕ್ತಕಣಗಳ ಎಲಾಸ್ಟೇಸ್ ಎಂಬ ಕಿಣ್ವ ಆಂಟಿಥ್ರಾಂಬಿನ್ ಅನ್ನು ತುಂಡರಿಸುತ್ತದೆ, ಹೆಪ್ಪುಗಟ್ಟುವಿಕೆಯೇ ಉಳಿದದ್ದನ್ನು ಖರ್ಚು ಮಾಡುತ್ತದೆ. ಸಕ್ರಿಯ ಪ್ರೊಟೀನ್ ಸಿ ಉರಿಯೂತವನ್ನೂ ಶಮನ ಮಾಡುವುದರಿಂದ, ಅದು ಕುಗ್ಗಿದಷ್ಟೂ ಉರಿಯೂತ ಇನ್ನಷ್ಟು ಕೆರಳುತ್ತದೆ. ಈ ತಿಳಿವಳಿಕೆಯ ಮೇಲೆ, ಸೋಂಕಿಗೆ ದೇಹವೇ ಮಿತಿಮೀರಿ ಕೆರಳಿ ಅಂಗಾಂಗಗಳು ಸೋಲುವ ತೀವ್ರ ಸೆಪ್ಸಿಸ್‌ಗಾಗಿ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಕ್ರಿಯ ಪ್ರೊಟೀನ್ ಸಿಯ ಔಷಧವೊಂದು, ಮುಂದಿನ ಪ್ರಯೋಗದಲ್ಲಿ ಸಾವು ಕಡಿಮೆಯಾಗದ ಕಾರಣ 2011ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಕೊರತೆಯಾದುದನ್ನು ತುಂಬಿದ ಮಾತ್ರಕ್ಕೆ ರೋಗಿ ಗುಣವಾಗುತ್ತಾನೆಂದು ನಾನು ನಂಬುವುದಿಲ್ಲ.

ವಂಶದ ಕೊರತೆಯಾಗಿದ್ದರೆ ಸಾಮಾನ್ಯವಾಗಿ ಒಂದೇ ಕುಗ್ಗಬೇಕಿತ್ತು. ಮೂರೂ ಒಟ್ಟಿಗೆ ಇಳಿದದ್ದೇ ನನ್ನನ್ನು ಎಚ್ಚರಿಸಬೇಕಿತ್ತು. ಮರುದಿನ ತಾಯಿಯನ್ನು ಕರೆಸಿ, ನಾನು ಆತುರಪಟ್ಟೆನೆಂದು ಹೇಳಿದೆ. ಗರ್ಭಿಣಿಯರಲ್ಲಿ ಪ್ರೊಟೀನ್ ಎಸ್ ಸಹಜವಾಗಿಯೇ ಇಳಿಯುವುದರಿಂದ, ಮಗಳಿಗೆ ಆಗ ಪರೀಕ್ಷೆ ಮಾಡಿಸಿದ್ದರೆ ಆಕೆಯೂ ರೋಗಿಯೆನಿಸಿಕೊಳ್ಳುವ ಅಪಾಯವಿತ್ತು.

ಮೂರು ತಿಂಗಳ ಚಿಕಿತ್ಸೆ ಮುಗಿದು, ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಿ ನಾಲ್ಕು ವಾರ ಕಳೆದ ಮೇಲೆ ಮತ್ತೆ ರಕ್ತ ತೆಗೆದೆವು. ಮೂರೂ ಸರಿಯಾಗಿದ್ದವು. ಹಳೆಯ ವರದಿಯ ಮೇಲೆ “ಸೋಂಕಿನ ವೇಳೆಯದು, ಪರಿಗಣಿಸಬಾರದು” ಎಂದು ಕೆಂಪು ಶಾಯಿಯಲ್ಲಿ ಬರೆದು ತಾಯಿಯ ಕೈಗೆ ಕೊಟ್ಟೆ.