ಗಂಡನ ಹಳೇ ಸಾಲ: ಸಹಿ ಹಾಕುವ ಮೊದಲು ಇದಿಷ್ಟು ಮಾಡಿ

ಗಂಡ ತೀರಿಕೊಂಡು ಮೂರನೇ ದಿನದ ಕಾರ್ಯದ ಪಾತ್ರೆಗಳನ್ನು ಇನ್ನೂ ತೊಳೆದಿರಲಿಲ್ಲ. ಕಲಬುರಗಿಯ ನಮ್ಮ ಓಣಿಯ ಆ ಮನೆಗೆ ಒಬ್ಬರು ಡೈರಿ ಹಿಡಿದು ಬಂದರು. ‘ಮದ್ವಿಗಿಂತ ಮೊದ್ಲ ತಂಗಿ ಲಗ್ನಕ್ಕ ಅಂತ ತಗೊಂಡಿದ್ರು. ಇಲ್ಲೊಂದು ಸಹಿ ಮಾಡ್ರಿ ಅಕ್ಕೋರ’ ಎಂದರು. ನಾಲ್ಕಾಗಿ ಮಡಚಿದ ಬಾಂಡ್ ಪೇಪರ್ ಹೊರಬಂತು. ಪೆನ್ನಿನ ಟೋಪಿ ಆಗಲೇ ತೆಗೆದಿತ್ತು. ಆ ತಾಯಿ ಸಹಿ ಮಾಡಿಬಿಟ್ಟರು. ಇಂಥದ್ದನ್ನು ಜಾಸ್ತಿಯೇ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ತಿಳಿದುಕೊಳ್ಳಿ. ಹೆಂಡತಿ ಎಂಬ ಒಂದೇ ಕಾರಣಕ್ಕೆ ಗಂಡನ ಸಾಲ ನಿಮ್ಮದಾಗುವುದಿಲ್ಲ, ಅದು ಮದುವೆಗೆ ಮುಂಚಿನದಿರಲಿ, ನಂತರದ್ದಿರಲಿ. ಅವರ ಹೊಲ, ಬ್ಯಾಂಕಿನ ದುಡ್ಡು ಎಷ್ಟು ನಿಮ್ಮ ಕೈಗೆ ಬಂತೋ ಅಷ್ಟಕ್ಕೆ ಮಾತ್ರ ನೀವು ಹೊಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೇ ಕಲಂ ಇದನ್ನೇ ಹೇಳುತ್ತದೆ. ಬಂದದ್ದು 2 ಲಕ್ಷ, ಸಾಲ 5 ಲಕ್ಷ ಎಂದರೆ ಉಳಿದ 3 ಲಕ್ಷಕ್ಕೆ ನಿಮ್ಮ ಸಂಬಳವನ್ನಾಗಲಿ, ತವರಿನ ಬಂಗಾರವನ್ನಾಗಲಿ ಮುಟ್ಟುವಂತಿಲ್ಲ. ನೀವೇ ಜಾಮೀನು ನಿಂತಿದ್ದರೆ ಮಾತ್ರ ಮಾತು ಬೇರೆ.

ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸಿ.

ಅವರಿಂದ ಬಂದ ಹಣಕ್ಕೆ ಬೇರೆಯೇ ಖಾತೆ ತೆರೆಯಿರಿ, ನಿಮ್ಮದರಲ್ಲಿ ಬೆರೆಸಬೇಡಿ. ಅದು ಹೇಗೆ ಖರ್ಚಾಯಿತೆಂದು ನಾಳೆ ಕೋರ್ಟಿಗೆ ಲೆಕ್ಕ ಕೊಡಲು ಆಗದಿದ್ದರೆ ಅಷ್ಟು ಹಣ ನಿಮ್ಮ ತಲೆಗೇ ಬರುತ್ತದೆ. ನಾಮಿನಿಗೆ ಬರುವ ಪಿಎಫ್ ಹಣಕ್ಕೆ ಮಾತ್ರ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಕೈಸಾಲ, ಪ್ರೋನೋಟಿನ (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರ) ಮೇಲೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು. ಮದುವೆಗೂ ಮುಂಚಿನ ಸಾಲ ಅಂದರೆ ಎಷ್ಟೋ ಸಲ ಗಡುವು ಮುಗಿದೇ ಇರುತ್ತದೆ, ಅಲ್ವಾ? ಆದರೆ ‘ನಾನು ತೀರಿಸುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಅದೇ ಹೊಸ ಕರಾರಾಗಿ ನಿಮ್ಮ ಕೊರಳಿಗೆ ಬೀಳಬಹುದು. ಹೆಬ್ಬೆಟ್ಟೂ ಸಹಿಯೇ. ಸುಮ್ನೆ ಸಾವಿರ ಕೊಟ್ಟು ಕಳಿಸೋಣ ಅನ್ನುವುದೂ ಬೇಡ. ‘ಕಾಗದ ತೋರಿಸ್ರಿ, ವಕೀಲರಿಗೆ ಕೇಳಿ ಹೇಳ್ತೀನ್ರಿ’ ಅಷ್ಟೇ ಅನ್ನಿ. ಪ್ರೋನೋಟಿನ ಎರಡೂ ಬದಿಯ ಫೋಟೋ ತೆಗೆಯಿರಿ. ಗಂಡ ಕಟ್ಟಿದ ಬಡ್ಡಿ, ತಾರೀಖು, ಅವರ ಸಹಿ ಇರುವುದು ಹಿಂಬದಿಯಲ್ಲೇ, ಗಡುವಿನ ಲೆಕ್ಕವೂ ಅದರ ಮೇಲೆಯೇ. ಟೈಪ್ ಮಾಡಿಸಿ ತಂದ ರೆಡಿಮೇಡ್ ಒಪ್ಪಿಗೆ ಪತ್ರಗಳನ್ನಂತೂ ನಂಬಲೇಬೇಡಿ. ಮಾಂಗಲ್ಯದ ಸರ ಒತ್ತೆ ಇಟ್ಟು ಸಾಲ ತೀರಿಸಲು ಓಡಬೇಡಿ.

ನನ್ನ ಕೇಳಿದರೆ, ಭಾವ ಮೈದುನರ ಪಂಚಾಯಿತಿಗಿಂತ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಫೋನ್ 15100. ಮುಸ್ಲಿಂ ಅಕ್ಕಂದಿರು ಬಾಕಿ ಇರುವ ಮೆಹರ್ (ಮದುವೆಯಲ್ಲಿ ಹೆಂಡತಿಗೆ ಕೊಡುತ್ತೇನೆಂದು ಗಂಡ ಒಪ್ಪಿದ ಹಣ) ಬಗ್ಗೆಯೂ ಕೇಳಿ. ಅದು ಗಂಡನ ಆಸ್ತಿಯಿಂದ ನಿಮಗೇ ಬರಬೇಕಾದ ಸಾಲ.

ಸಾಲ ನಿಜವೆಂದು, ಕಟ್ಟಲೇಬೇಕೆಂದು ವಕೀಲರು ಹೇಳಿದರೆ ಆ ಬೇರೆ ಖಾತೆಯಿಂದಲೇ ಚೆಕ್ ಕೊಡಿ. ಮೂಲ ಪ್ರೋನೋಟನ್ನು ‘ಪೂರ್ತಿ ಮುಟ್ಟಿತು’ ಎಂದು ಬರೆಸಿ, ಸಹಿ ಹಾಕಿಸಿ, ಅವರು ಹೊಸ್ತಿಲು ದಾಟುವ ಮೊದಲೇ ಇಸಕೊಳ್ಳಿ.