ಪೆಶ್ ಮೆರ್ಲ್: ಮೊದಲು ಗುಹೆ, ಆಮೇಲೆ ಮ್ಯೂಸಿಯಂ

ಫ್ರಾನ್ಸಿನ ತುಲೂಸ್‌ನಲ್ಲಿರುವ ಕನ್ನಡದವರು ಗುಹಾಚಿತ್ರ ನೋಡಬೇಕು ಅಂದರೆ ನಾನು ಪೆಶ್ ಮೆರ್ಲ್‌ಗೆ ಹೋಗಿ ಅನ್ನುತ್ತೇನೆ. ಫ್ರಾನ್ಸಿನದೇ ಇನ್ನೊಂದು ಚಿತ್ರಗುಹೆ ಲಾಸ್ಕೋ ಹೆಸರು ದೊಡ್ಡದು ನಿಜ. ಆದರೆ ಆ ಗುಹೆ 1963ರಿಂದ ಜನರಿಗೆ ಬಂದ್, ತೋರಿಸುವುದು ನಕಲು. ಇಲ್ಲಿ ಅಸಲಿ ಗೋಡೆಯ ಎದುರೇ ನಿಲ್ಲಬಹುದು.

ಅದಕ್ಕೇ ದಿನಕ್ಕೆ 700 ಜನರನ್ನಷ್ಟೇ ಬಿಡುತ್ತಾರೆ. ಬೇಸಿಗೆ ರಜೆಯಲ್ಲಾದರೆ ಮುಂಚೆಯೇ ಬುಕ್ ಮಾಡಿ. ಕಾಓರ್ ಪಟ್ಟಣದ ಕಡೆಯಿಂದ ನದಿ ಪಕ್ಕದ ಇಕ್ಕಟ್ಟು ರಸ್ತೆಯಲ್ಲಿ ಕಾಬ್ರೆರೆ ಊರಿಗೆ ಹೋಗಬೇಕು. ಸ್ವಂತ ಕಾರಿದ್ದರೆ ಆರಾಮ.

ಊರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ಹೊರಗೆ ಉರಿಬಿಸಿಲು, ಒಳಗೆ ಸುಮಾರು 12 ಡಿಗ್ರಿ. ಸೀರೆ ಮೇಲೆ ಸ್ವೆಟರ್, ಕಾಲಿಗೆ ನನ್ನ ಹೆಂಡತಿಯ ಶೂ ಹಾಕಿಸಿದ್ದೆ. ಮೆಟ್ಟಿಲಿವೆ, ನೆಲ ಒದ್ದೆ, ಚಪ್ಪಲಿ ಬೇಡವೇ ಬೇಡ. ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯ್ತು, ಎಲ್ಲರೂ ಕಣ್ಣಲ್ಲೇ ನೋಡುತ್ತಾರೆ.

ನೋಡಬೇಕಾದ್ದು ಚುಕ್ಕೆ ಕುದುರೆಗಳು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಕುದುರೆ, ಮೈಮೇಲೂ ಸುತ್ತಲೂ ಕಪ್ಪು ಚುಕ್ಕೆ. ಬಲಗಡೆಯ ಬಂಡೆಯ ಅಂಚೇ ಕುದುರೆ ಮುಖದ ಹಾಗಿದೆ. ಬರೆದವನು ಅದನ್ನು ನೋಡಿಯೇ ಜಾಗ ಆರಿಸಿರಬೇಕು. ಸುತ್ತ ಅಂಗೈ ಗುರುತುಗಳು: ಕೈ ಒತ್ತಿ ಹಿಡಿದು, ಸುತ್ತ ಬಣ್ಣ ಊದಿದ್ದು. ಈ ಕುದುರೆ ಚಿತ್ರಕ್ಕೆ ಸುಮಾರು 29,000 ವರ್ಷ. ಮಿಶೆಲ್ ಲೋರ್ಬ್ಲಾಂಶೆ ಎಂಬ ಸಂಶೋಧಕರು ಇದ್ದಿಲ ಪುಡಿಯನ್ನು ಬಾಯಲ್ಲಿಟ್ಟುಕೊಂಡು ಗೋಡೆಗೆ ಉಗುಳಿ, ಇಂಥದ್ದೇ ಚಿತ್ರ ಬರೆದು ತೋರಿಸಿದ್ದಾರೆ. ಇದನ್ನು ಹೇಳಿದ್ದೇ ತಡ, ಅಮ್ಮ ನಕ್ಕರು: "ನಿಮ್ಮಜ್ಜಿ ಎಲೆಅಡಿಕೆ ಉಗುಳಿದ ಗೋಡೆ ಕೂಡ ಹೀಗೇ ಇತ್ತಲ್ಲೋ!"

ಇಂಥ ಕುದುರೆ ಇರಲು ಸಾಧ್ಯವೇ ಇಲ್ಲ, ಚುಕ್ಕೆ ಬರೀ ಕಲ್ಪನೆ ಅಂತ ಬಹಳ ಜನ ಅಂದುಕೊಂಡಿದ್ದರು. 2011ರಲ್ಲಿ ಹಳೆಯ ಕುದುರೆ ಮೂಳೆಗಳ ಡಿಎನ್‌ಎ ನೋಡಿದಾಗ, ಚುಕ್ಕೆ ಬರಿಸುವ ಜೀನ್ ಆಗಲೇ ಇತ್ತು ಅಂತ ಗೊತ್ತಾಯಿತು. ಕಂಡದ್ದನ್ನೇ ಬರೆದಿರಬಹುದು, ಅಲ್ವಾ?

ಮುಂದೆ ಒಂದು ಕಡೆ, ಗಟ್ಟಿಯಾದ ಕೆಸರಿನಲ್ಲಿ ಹದಿಹರೆಯದವರ ಹೆಜ್ಜೆ ಗುರುತುಗಳಿವೆ. ನಮ್ಮ ಗೈಡ್ ಅಲ್ಲಿ ನಿಲ್ಲಿಸಿದ್ದು ಸ್ವಲ್ಪ ಹೊತ್ತು ಮಾತ್ರ. ನನಗೆ ಬೇಸರವಾದದ್ದು ಅಲ್ಲೇ.

ಗುಹೆಯ ಜೊತೆಗೇ ಇರುವ ಮ್ಯೂಸಿಯಂ ಮೊದಲು ನೋಡಿ ಅಂತ ಹೇಳುವವರಿದ್ದಾರೆ. ನನ್ನ ಪ್ರಕಾರ ಉಲ್ಟಾ. ಮೊದಲೇ ಹೋದರೆ ಗಾಜಿನ ಹಿಂದಿನ ಕಲ್ಲೆಲ್ಲ ಸುಮ್ನೆ ಕಲ್ಲಿನ ಹಾಗೇ ಕಾಣುತ್ತವೆ. ಗುಹೆ ನೋಡಿ ಬಂದವರಿಗೆ ತಲೆತುಂಬ ಪ್ರಶ್ನೆ: ಇವರು ಏನು ತಿನ್ನುತ್ತಿದ್ದರು, ಯಾವುದರಿಂದ ಕೊಯ್ಯುತ್ತಿದ್ದರು? ಆಗ ಚಕಮಕಿ ಕಲ್ಲಿನ ಚೂರಿನಲ್ಲಿ ಏಟು ಬಿದ್ದ ಜಾಗ, ಅಲುಗಿನ ಹರಿತ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಅವಸರ ಮಾಡುವವರೂ ಇಲ್ಲ.

ಮ್ಯೂಸಿಯಂಗೆ ಅಮೆದೆ ಲೆಮೊಜಿ ಹೆಸರಿಟ್ಟಿದ್ದಾರೆ. ಅವರು ಇದೇ ಊರಿನ ಪಾದ್ರಿ. ಹುಡುಗರಿಗೆ ಗುಹೆಯ ಹುಚ್ಚು ಹತ್ತಿಸಿದವರು ಅವರೇ. 1922ರಲ್ಲಿ ತೆವಳಿಕೊಂಡು ಒಳಗೆ ಹೋಗಿ ಈ ಚಿತ್ರಗಳನ್ನು ಕಂಡವರೂ ಆಂದ್ರೆ ಡಾವಿಡ್ ಮತ್ತು ಆನ್ರಿ ದ್ಯುತೆರ್ತ್ರ್ ಎಂಬ ಹುಡುಗರು.

ಚಳಿಗಾಲದಲ್ಲಿ ಹೆಚ್ಚಿನ ದಿನ ಮುಚ್ಚಿರುತ್ತದೆ. ತಾರೀಖು ನೋಡಿಕೊಂಡೇ ಹೊರಡಿ.