ಪರಮಾಣು ಸಂಖ್ಯೆಯಿಂದ ಧಾತುವಿನ ಸ್ಥಾನ ಗುರುತಿಸುವುದು ಹೇಗೆ?

ಆವರ್ತ ಕೋಷ್ಟಕದ 118 ಧಾತುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೊದಲ 20 ಧಾತುಗಳ ಮಟ್ಟಿಗೆ ಪರಮಾಣು ಸಂಖ್ಯೆಯೊಂದು ಗೊತ್ತಿದ್ದರೆ ಸಾಕು, ಧಾತು ಎಲ್ಲಿದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಕ್ಲೋರಿನ್ ಅನ್ನೇ ತೆಗೆದುಕೊಳ್ಳಿ.

ಅದರ ಚೌಕದಲ್ಲಿ 17 ಮತ್ತು 35.45 ಎಂಬ ಎರಡು ಸಂಖ್ಯೆಗಳಿರುತ್ತವೆ. 17 ಎನ್ನುವುದು ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳೂ ಅಷ್ಟೇ.

ಮೊದಲ ಎಡವಟ್ಟು ಆಗುವುದು ಇಲ್ಲೇ. ಹಲವರು 35.45ರಿಂದ 17 ಕಳೆದು ನ್ಯೂಟ್ರಾನ್ 18.45 ಎಂದು ಬರೆದುಬಿಡುತ್ತಾರೆ. ನ್ಯೂಟ್ರಾನ್ ಅರ್ಧಂಬರ್ಧ ಇರುವುದಿಲ್ಲ. 35.45 ಎಂಬುದು ಸರಾಸರಿ ಪರಮಾಣು ರಾಶಿ. ನಿಸರ್ಗದಲ್ಲಿ ಸಿಗುವ ಕ್ಲೋರಿನ್‌ನ ಪ್ರತಿ 100 ಪರಮಾಣುಗಳಲ್ಲಿ ಸುಮಾರು 76ರ ರಾಶಿ ಸಂಖ್ಯೆ (ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ) 35, ಉಳಿದವುಗಳದ್ದು 37. ಇವೆರಡೂ ಕ್ಲೋರಿನ್‌ನ ಐಸೋಟೋಪ್‌ಗಳು, ಅಂದರೆ ನ್ಯೂಟ್ರಾನ್‌ಗಳ ಸಂಖ್ಯೆ ಮಾತ್ರ ಬೇರೆಯಾದ ರೂಪಗಳು. ಕಳೆಯಬೇಕಾದದ್ದು ರಾಶಿ ಸಂಖ್ಯೆಯಿಂದ: ಒಂದರಲ್ಲಿ 18 ನ್ಯೂಟ್ರಾನ್, ಇನ್ನೊಂದರಲ್ಲಿ 20.

ಈಗ ಎಲೆಕ್ಟ್ರಾನ್‌ಗಳನ್ನು ಕವಚಗಳಿಗೆ, ಅಂದರೆ ನ್ಯೂಕ್ಲಿಯಸ್‌ನ ಸುತ್ತಲಿನ ಪದರಗಳಿಗೆ, ಹಂಚಿ. ಒಳಗಿನ ಕೆ ಕವಚಕ್ಕೆ 2, ಎಲ್ ಕವಚಕ್ಕೆ 8, ಮಿಕ್ಕ 7 ಎಂ ಕವಚಕ್ಕೆ. ವಿನ್ಯಾಸ 2, 8, 7 ಎಂದಾಯಿತು. ಕವಚಗಳು ಮೂರು, ಹಾಗಾಗಿ ಧಾತು ಇರುವುದು 3ನೇ ಆವರ್ತದಲ್ಲಿ, ಅಂದರೆ ಕೋಷ್ಟಕದ 3ನೇ ಅಡ್ಡಸಾಲಿನಲ್ಲಿ. ಹೊರಕವಚದ ಎಲೆಕ್ಟ್ರಾನ್‌ಗಳು 1 ಅಥವಾ 2 ಇದ್ದರೆ ಅದೇ ಗುಂಪಿನ (ಕೋಷ್ಟಕದ ಕಂಬಸಾಲಿನ) ಸಂಖ್ಯೆ. 3ರಿಂದ 8 ಇದ್ದರೆ 10 ಕೂಡಿಸಿ. 7ಕ್ಕೆ 10 ಸೇರಿಸಿದರೆ 17ನೇ ಗುಂಪು. ಹೀಲಿಯಂ ಮಾತ್ರ ಇದಕ್ಕೆ ಹೊರತು: ಹೊರಕವಚದಲ್ಲಿ 2 ಎಲೆಕ್ಟ್ರಾನ್ ಇದ್ದರೂ ಅದರ ಜಾಗ 18ನೇ ಗುಂಪು, ಏಕೆಂದರೆ ಅದರ ಏಕೈಕ ಕವಚ ಅಲ್ಲಿಗೆ ಭರ್ತಿ.

ನಿಜವಾದ ಪರೀಕ್ಷೆ ಪೊಟ್ಯಾಸಿಯಂನದ್ದು. ಎಂ ಕವಚ 18 ಎಲೆಕ್ಟ್ರಾನ್ ಹಿಡಿಸಬಲ್ಲದು ಎಂದು ಓದಿದವರು ಪರಮಾಣು ಸಂಖ್ಯೆ 19ಕ್ಕೆ 2, 8, 9 ಎಂದು ಬರೆಯುತ್ತಾರೆ. ಸರಿಯಾದದ್ದು 2, 8, 8, 1. ಎಂ ಕವಚದ ಡಿ ಉಪಕವಚಕ್ಕಿಂತ (ಉಪಕವಚ ಎಂದರೆ ಕವಚದೊಳಗಿನ ಒಂದು ಭಾಗ) ಮುಂದಿನ ಎನ್ ಕವಚದ ಎಸ್ ಉಪಕವಚದ ಶಕ್ತಿ ಇಲ್ಲಿ ಕಡಿಮೆ; ಆದ್ದರಿಂದ 19ನೇ ಎಲೆಕ್ಟ್ರಾನ್ ಅಲ್ಲಿಗೆ ಹೋಗುತ್ತದೆ. ಕ್ಯಾಲ್ಸಿಯಂ 2, 8, 8, 2. ಸ್ಕ್ಯಾಂಡಿಯಂಗೆ ಬಂದಾಗ ಡಿ ಉಪಕವಚ ತುಂಬತೊಡಗಿ 2, 8, 9, 2 ಆಗುತ್ತದೆ. ಹೊರಗಿನ 2 ನೋಡಿ ಅದನ್ನು 2ನೇ ಗುಂಪಿಗೆ ಹಾಕಿದರೆ ತಪ್ಪು, ಅದು 3ನೇ ಗುಂಪಿನದು. ಮೇಲಿನ ಸುಲಭ ಸೂತ್ರವನ್ನು ಹೀಗೆ ಡಿ ಉಪಕವಚ ತುಂಬುತ್ತಾ ಹೋಗುವ ಸಂಕ್ರಮಣ ಲೋಹಗಳಿಗೆ ಬಳಸಬೇಡಿ.

ರಾಶಿಯನ್ನು ನಂಬಿ ಸ್ಥಾನ ಹುಡುಕುವವರನ್ನು ಆರ್ಗಾನ್ ದಾರಿ ತಪ್ಪಿಸುತ್ತದೆ. ಅದರ ರಾಶಿ 39.95, ಮುಂದಿನ ಪೊಟ್ಯಾಸಿಯಂನದ್ದು 39.10. ಆದರೂ ಆರ್ಗಾನ್ ಮೊದಲು. 1913ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಪ್ರಯೋಗಗಳಿಂದ ತೋರಿಸಿಕೊಟ್ಟಂತೆ, ಧಾತುಗಳ ಕ್ರಮವನ್ನು ನಿರ್ಧರಿಸುವುದು ರಾಶಿಯಲ್ಲ, ನ್ಯೂಕ್ಲಿಯಸ್‌ನ ಆವೇಶ, ಅಂದರೆ ಪ್ರೋಟಾನ್‌ಗಳ ಸಂಖ್ಯೆ.

ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣು) ಕೊಟ್ಟಾಗಲೂ ಪ್ರೋಟಾನ್‌ಗಳನ್ನೇ ಎಣಿಸಿ. ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ವಿನ್ಯಾಸ 2, 8 ಆಗಿ ನಿಯಾನ್‌ನಂತೆ ಕಾಣುತ್ತದೆ. ಪ್ರೋಟಾನ್‌ಗಳು 11 ಇರುವುದರಿಂದ ಅದು ಸೋಡಿಯಂ ಅಯಾನೇ.